ಪ್ರಾಮಾಣಿಕತೆಗೆ ಮೊದಲ ಸ್ಥಾನ ಕೊಟ್ಟ ಅಧ್ಯಾಪಕರು ಅಂಕ ಹಾಕುವಾಗ ಏನು ಮಾಡುತ್ತಾರೆ?

ಖಾತೆಪುಟ (ಪ್ರಶ್ನೆ ಕೇಳಿದವರು)

ನಾನು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿ. ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ಕಲಿಸುವ ಅಧ್ಯಾಪಕರ ವೈಯಕ್ತಿಕ ಮೌಲ್ಯಗಳಿಗೂ ಅವರು ವೃತ್ತಿಯಲ್ಲಿ ದಿನನಿತ್ಯ ತೆಗೆದುಕೊಳ್ಳುವ ತೀರ್ಮಾನಗಳಿಗೂ ಇರುವ ಸಂಬಂಧವನ್ನು ಕುರಿತು ಒಂದು ಸಣ್ಣ ಸಮೀಕ್ಷೆ ಮಾಡಬೇಕೆಂದು ಹೊರಟಿದ್ದೇನೆ. ಅಳತೆಗೋಲಾಗಿ ಮನೋವಿಜ್ಞಾನಿ ಮಿಲ್ಟನ್ ರೋಕೀಚ್ ಅವರು 1973ರಲ್ಲಿ ವಿವರಿಸಿದ ಮೌಲ್ಯಗಳ ಪಟ್ಟಿಯನ್ನು ಆರಿಸಿಕೊಂಡೆ. ಅದರಲ್ಲಿ ಬದುಕಿನ ಗುರಿಗಳಿಗೆ ಸಂಬಂಧಿಸಿದ 18 ಮತ್ತು ನಡತೆಗೆ ಸಂಬಂಧಿಸಿದ 18 ಮೌಲ್ಯಗಳಿದ್ದು, ಉತ್ತರಿಸುವವರು ಎರಡನ್ನೂ ತಮ್ಮ ಆದ್ಯತೆಯ ಪ್ರಕಾರ ಕ್ರಮವಾಗಿ ಜೋಡಿಸಬೇಕಾಗುತ್ತದೆ.

ಪ್ರಾಯೋಗಿಕವಾಗಿ ಪರಿಚಯದ ಕೆಲವು ಸಹೋದ್ಯೋಗಿಗಳಿಗೆ ಕೊಟ್ಟು ನೋಡಿದಾಗ, ನಡತೆಯ ಪಟ್ಟಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಪ್ರಾಮಾಣಿಕತೆಯನ್ನು ಮೊದಲ ಮೂರರೊಳಗೆ ಇಟ್ಟರು, ವಿಧೇಯತೆಯನ್ನು ತೀರ ಕೆಳಕ್ಕೆ ತಳ್ಳಿದರು. ಎರಡು ವಾರ ಕಳೆದು ಆಂತರಿಕ ಅಂಕಗಳನ್ನು ಪೋರ್ಟಲ್‌ಗೆ ಏರಿಸುವ ದಿನ ಬಂದಾಗ, ಅದೇ ಸಹೋದ್ಯೋಗಿಗಳಲ್ಲಿ ಹಲವರು ಮೇಲಿನವರ ಒಂದು ಫೋನ್ ಕರೆಗೆ ಅಂಕಗಳನ್ನು ತಿದ್ದಿದ್ದನ್ನು ಕಣ್ಣಾರೆ ಕಂಡೆ. ವಿಧೇಯತೆಗೆ ಅವರು ಕೊಟ್ಟ ಸ್ಥಾನ ನನಗೆ ಆಗ ನೆನಪಾಯಿತು. ಅವರನ್ನು ದೂರುವ ಸ್ಥಿತಿಯಲ್ಲಿ ನಾನಿಲ್ಲ. ತಿದ್ದಿದವರಲ್ಲಿ ನಾನೂ ಒಬ್ಬಳು.

ಹೀಗಾಗಿ ನನ್ನ ಪ್ರಶ್ನೆಗಳು ಎರಡು. ಮೊದಲನೆಯದು ಸಂಶೋಧನೆಗೆ ಸಂಬಂಧಿಸಿದ್ದು: ಕಾಗದದ ಮೇಲೆ ಬರೆದ ಮೌಲ್ಯಕ್ಕೂ ಆಡಳಿತದ, ಪರೀಕ್ಷೆಯ, ಸಂಶೋಧನೆಯ ಒತ್ತಡದ ನಡುವೆ ತೆಗೆದುಕೊಳ್ಳುವ ತೀರ್ಮಾನಕ್ಕೂ ಇರುವ ಅಂತರವನ್ನು ಹಿಡಿಯಬಲ್ಲ ವಿಧಾನ ಯಾವುದು?

ಎರಡನೆಯದು ನನ್ನ ಮೇಜಿನ ಮೇಲೆಯೇ ಇದೆ. ನಾನು ಗೈಡ್ ಆಗಿರುವ ಎಂ.ಕಾಂ. ವಿದ್ಯಾರ್ಥಿಯೊಬ್ಬ ದ್ವಿಚಕ್ರ ವಾಹನದ ಶೋರೂಮ್ ಒಂದರ ಗ್ರಾಹಕರ ತೃಪ್ತಿಯ ಬಗ್ಗೆ ಪ್ರಾಜೆಕ್ಟ್ ವರದಿ ಒಪ್ಪಿಸಿದ್ದಾನೆ. ನೂರು ಗ್ರಾಹಕರನ್ನು ಸಂದರ್ಶಿಸಿದ್ದಾಗಿ ಬರೆದಿದ್ದಾನೆ. ವರದಿಯುದ್ದಕ್ಕೂ ಊರಿನ ಹೆಸರು ಸರಿಯಾಗಿದೆ, ನಾಲ್ಕನೆಯ ಅಧ್ಯಾಯದ ಒಂದೇ ಒಂದು ಕೋಷ್ಟಕದಲ್ಲಿ ಮಾತ್ರ 'ದಾವಣಗೆರೆ' ಎಂದು ಉಳಿದುಕೊಂಡಿದೆ. ಎಲ್ಲಿಂದ ಬಂದ ವರದಿ ಎಂಬುದನ್ನು ಹೇಳಲು ಅದೊಂದೇ ಪದ ಸಾಕು. ಹುಡುಗ ಬಡ ಮನೆಯವನು, ಬೆಂಗಳೂರಿನ ಕಂಪನಿಯೊಂದರ ಆಫರ್ ಲೆಟರ್ ಕೈಯಲ್ಲಿದೆ, ಫಲಿತಾಂಶ ತಡವಾದರೆ ಆ ಕೆಲಸ ಹೋಗುತ್ತದೆ. ವರದಿಯ ಎರಡನೆಯ ಪುಟದಲ್ಲಿ 'ಇದು ಇವರ ಸ್ವಂತ ಅಧ್ಯಯನದ ಫಲ' ಎಂಬ ಪ್ರಮಾಣಪತ್ರವಿದ್ದು, ಅದರ ಕೆಳಗೆ ನಾನು ಸಹಿ ಹಾಕಬೇಕು. ವೈವಾ ಇನ್ನು ಹನ್ನೆರಡು ದಿನಕ್ಕಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅಂಕಿಸಂಖ್ಯೆ

ಮೇಡಂ, ಎರಡನೆಯ ಪ್ರಶ್ನೆಯನ್ನು ನನಗಿಂತ ಅನುಭವಿಗಳಿಗೆ ಬಿಡುತ್ತೇನೆ; ಮೊದಲನೆಯದರ ಬಗ್ಗೆ ಬರೆಯಬಲ್ಲೆ.

ರೋಕೀಚ್ ಪಟ್ಟಿಯ ತೊಂದರೆ ನೀವು ಕಂಡುಕೊಂಡದ್ದೇ. ಒಳ್ಳೆಯ ಪದಗಳನ್ನೆಲ್ಲ ಒಂದೆಡೆ ಇಟ್ಟು ಕ್ರಮವಾಗಿ ಜೋಡಿಸಿ ಎಂದರೆ, ಅಧ್ಯಾಪಕನಾದವನು ಅಧ್ಯಾಪಕನಿಗೆ ಒಪ್ಪುವ ಉತ್ತರವನ್ನೇ ಬರೆಯುತ್ತಾನೆ. ಮನೋವಿಜ್ಞಾನಿ ಶಾಲೋಮ್ ಶ್ವಾರ್ಟ್ಸ್ ಅವರು 1992ರಲ್ಲಿ ಮಂಡಿಸಿದ ಹತ್ತು ಮೌಲ್ಯಗಳ ಮಾದರಿ ನಿಮ್ಮ ವಿಷಯಕ್ಕೆ ಹೆಚ್ಚು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಅಲ್ಲಿ ಮೌಲ್ಯಗಳು ಒಂದು ವೃತ್ತದಲ್ಲಿ ಕುಳಿತಿರುತ್ತವೆ: ಅಕ್ಕಪಕ್ಕದವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಎದುರುಬದುರಿನವು ಜಗ್ಗಾಡುತ್ತವೆ. ಆಪ್ತರ ಹಿತಚಿಂತನೆ ಮತ್ತು ಎಲ್ಲರ ಹಿತದ ಎದುರಿಗೆ ಸಾಧನೆ ಮತ್ತು ಅಧಿಕಾರ ಇವೆ. ಸ್ವಂತ ವಿಚಾರದ ಎದುರಿಗೆ ಅನುಸರಣೆ, ಸಂಪ್ರದಾಯ, ಭದ್ರತೆ ಇವೆ. ನಿಮ್ಮ ಫೋನ್ ಕರೆಯ ಘಟನೆ ಈ ಎರಡನೆಯ ಜಗ್ಗಾಟಕ್ಕೆ ಸೇರಿದ್ದು. ಆದರೆ ನಿಮ್ಮ ವಿದ್ಯಾರ್ಥಿಯ ಪ್ರಕರಣ ಅಷ್ಟು ಸರಳವಾಗಿಲ್ಲ, ಏಕೆಂದರೆ ಅಲ್ಲಿ ಜಗಳವಾಡುತ್ತಿರುವುದು ವೃತ್ತದಲ್ಲಿ ನೆರೆಹೊರೆಯವರಾಗಿರುವ ಎರಡು ಮೌಲ್ಯಗಳು: ಕಣ್ಣೆದುರಿನ ಹುಡುಗನ ಮೇಲಿನ ಕರುಣೆ ಒಂದು, ಕಾಣದ ಇತರ ವಿದ್ಯಾರ್ಥಿಗಳಿಗೆ ಸಲ್ಲಬೇಕಾದ ನ್ಯಾಯ ಇನ್ನೊಂದು. ಪಟ್ಟಿಯಲ್ಲಿ ಎರಡಕ್ಕೂ ಅಧ್ಯಾಪಕರು ಪೂರ್ಣ ಅಂಕ ಕೊಟ್ಟಿರುತ್ತಾರೆ. ತೀರ್ಮಾನದ ದಿನ ಒಂದನ್ನು ಬಿಡಬೇಕಾಗುತ್ತದೆ.

ವಿಧಾನದ ಮಟ್ಟಿಗೆ ಒಂದು ಎಚ್ಚರಿಕೆ. ಕೆಲವರು ಪ್ರತಿಯೊಂದು ಮೌಲ್ಯವನ್ನೂ 'ಅತ್ಯಂತ ಮುಖ್ಯ' ಎಂದು ಗುರುತು ಮಾಡುತ್ತಾರೆ. ಆದ್ದರಿಂದ ಪ್ರತಿ ವ್ಯಕ್ತಿಯ ಸರಾಸರಿ ಅಂಕವನ್ನು ಅವನ ಒಂದೊಂದು ಉತ್ತರದಿಂದ ಕಳೆದು, ಅವನ ಪಾಲಿಗೆ ಯಾವುದು ಯಾವುದಕ್ಕಿಂತ ಮುಖ್ಯ ಎಂಬುದನ್ನಷ್ಟೇ ನೋಡಬೇಕು.

ಜಾರ್ಜ್ ಇಂಗ್ಲೆಂಡ್ ಅವರು 1960ರ ದಶಕದಲ್ಲಿ ಅಮೆರಿಕದ ವ್ಯವಸ್ಥಾಪಕರಿಗಾಗಿ ರೂಪಿಸಿದ ಪ್ರಶ್ನಾವಳಿಯನ್ನೂ ನೋಡಿ. ಒಂದು ಪರಿಕಲ್ಪನೆ ಮುಖ್ಯವೇ ಎಂದು ಕೇಳಿ ಅವರು ಅಲ್ಲಿಗೇ ಬಿಡಲಿಲ್ಲ. ಅದು ನಿಮಗೆ ಮುಖ್ಯವಾಗಿರುವುದು ಯಶಸ್ಸು ತರುತ್ತದೆಂದೋ, ಸರಿಯಾದದ್ದೆಂದೋ, ಹಿತವಾಗಿದೆಯೆಂದೋ ಎಂದು ಮುಂದುವರಿದು ಕೇಳಿದರು. ಮೊದಲನೆಯದನ್ನೇ ಹೆಚ್ಚಾಗಿ ಆರಿಸುವವರು ಫಲವನ್ನು ನೋಡಿ, ಎರಡನೆಯದನ್ನು ಆರಿಸುವವರು ನೀತಿಯನ್ನು ನೋಡಿ ತೀರ್ಮಾನಿಸುವ ಸಾಧ್ಯತೆ ಹೆಚ್ಚು ಎಂಬುದು ಅವರ ಊಹೆ. ಮುಂದೆ ಬೇರೆ ದೇಶಗಳಿಗೂ ಈ ಅಧ್ಯಯನವನ್ನು ವಿಸ್ತರಿಸಿದಾಗ, ಅಮೆರಿಕ ಮತ್ತು ಜಪಾನಿನ ವ್ಯವಸ್ಥಾಪಕರು ಹೆಚ್ಚಾಗಿ ಮೊದಲ ಬಗೆಗೂ ಭಾರತದವರು ಹೆಚ್ಚಾಗಿ ಎರಡನೆಯ ಬಗೆಗೂ ಸೇರಿದರು. ಇದನ್ನು ಓದಿ ನಮ್ಮವರು ಹೆಮ್ಮೆಪಡುವುದನ್ನು ಸೆಮಿನಾರ್‌ಗಳಲ್ಲಿ ಕೇಳಿದ್ದೇನೆ. 'ಸರಿಯಾದದ್ದು' ಎಂಬ ಕಾಲಂನಲ್ಲಿ ಗುರುತು ಹಾಕುವುದು ನಮಗೆ ಚಿಕ್ಕಂದಿನಿಂದ ರೂಢಿಯಾಗಿದೆ ಎಂದಷ್ಟೇ ಅದರ ಅರ್ಥವಾಗಿರಬಹುದಲ್ಲವೇ? (ಇಂಗ್ಲೆಂಡರ ಪ್ರಶ್ನಾವಳಿಗೂ ಶ್ವಾರ್ಟ್ಸರ ಒಂದು ಪ್ರಶ್ನಾವಳಿಗೂ ಪಿವಿಕ್ಯೂ ಎಂಬ ಒಂದೇ ಸಂಕ್ಷಿಪ್ತ ಹೆಸರಿದೆ. ಇವೆರಡನ್ನು ಕಲಸಿಕೊಂಡ ಪ್ರಬಂಧವನ್ನು ನಾನೇ ಪರಿಶೀಲಿಸಿದ್ದೇನೆ.)

ಅಂತರವನ್ನು ಹಿಡಿಯಬೇಕೆಂದರೆ ಮೌಲ್ಯದ ಹೆಸರನ್ನೇ ಎತ್ತದೆ ಪ್ರಸಂಗಗಳನ್ನು ಕೊಡಿ. ನಿಮ್ಮ ಪ್ರಾಜೆಕ್ಟ್ ವರದಿಯೇ ಒಳ್ಳೆಯ ಪ್ರಸಂಗ. ವಿದ್ಯಾರ್ಥಿಗೆ ಕೆಲಸ ಸಿಕ್ಕಿದೆ ಅಥವಾ ಇಲ್ಲ, ಮೇಲಿನಿಂದ ಕರೆ ಬಂದಿದೆ ಅಥವಾ ಇಲ್ಲ, ನಕಲು ಬೇರೆಯವರ ಕಣ್ಣಿಗೆ ಬೀಳುವ ಸಾಧ್ಯತೆ ಇದೆ ಅಥವಾ ಇಲ್ಲ, ಹೀಗೆ ಮೂರು ಅಂಶಗಳನ್ನು ಬದಲಿಸಿದರೆ ಎಂಟು ಪ್ರಸಂಗಗಳಾಗುತ್ತವೆ. ಯಾವ ಅಂಶ ಬದಲಾದಾಗ ಉತ್ತರ ಬದಲಾಯಿತು ಎಂಬುದರಿಂದ ಅವರ ನಿಜವಾದ ಆದ್ಯತೆ ತಿಳಿಯುತ್ತದೆ. 'ನೀವೇನು ಮಾಡುತ್ತೀರಿ' ಎಂದು ಕೇಳುವುದರ ಜೊತೆಗೆ 'ನಿಮ್ಮ ವಿಭಾಗದ ಇತರರು ಏನು ಮಾಡಬಹುದು' ಎಂದೂ ಕೇಳಿ; ಎರಡನೆಯ ಉತ್ತರದಲ್ಲಿ ಜನ ಹೆಚ್ಚು ಬಿಚ್ಚಿ ಮಾತಾಡುತ್ತಾರೆ.

ಹೇಳಿಕೆಗೂ ನಡೆಗೂ ಇರುವ ದೂರ ವಾಣಿಜ್ಯದವರ ಸ್ವತ್ತೇನೂ ಅಲ್ಲ. ಎರಿಕ್ ಶ್ವಿಟ್ಸ್‌ಗೆಬೆಲ್ ಮತ್ತು ಜೋಶುವಾ ರಸ್ಟ್ ಎಂಬ ಅಮೆರಿಕದ ತತ್ತ್ವಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೀತಿಶಾಸ್ತ್ರ ಕಲಿಸುವ ಪ್ರಾಧ್ಯಾಪಕರನ್ನು ಇತರ ಪ್ರಾಧ್ಯಾಪಕರೊಂದಿಗೆ ಹೋಲಿಸಿದರು. ಮಾಂಸಾಹಾರದಂಥ ವಿಷಯದಲ್ಲಿ ನೀತಿಶಾಸ್ತ್ರದವರ ಅಭಿಪ್ರಾಯ ಹೆಚ್ಚು ಕಟ್ಟುನಿಟ್ಟಾಗಿತ್ತು, ಆದರೆ ಒಟ್ಟಾರೆ ನಡತೆಯಲ್ಲಿ ಅವರು ಉಳಿದವರಿಗಿಂತ ಮೇಲೆಂದು ತೋರಿಬರಲಿಲ್ಲ. ವಿದ್ಯಾರ್ಥಿಗಳು ಕಳಿಸಿದಂತೆ ಕಾಣುವ ಇಮೇಲ್‌ಗಳನ್ನು ತಾವೇ ಕಳಿಸಿ ಯಾರು ಉತ್ತರಿಸುತ್ತಾರೆಂದು ನೋಡಿದ್ದು ಆ ಅಧ್ಯಯನದ ಸೊಗಸು.

ಕೊನೆಯದಾಗಿ, ಗೌಪ್ಯತೆ. ಆರು ಜನರ ವಿಭಾಗದಲ್ಲಿ ಹುದ್ದೆ, ವಯಸ್ಸು, ಲಿಂಗ ಈ ಮೂರನ್ನು ಕೇಳಿದರೆ ಹೆಸರು ಕೇಳಿದಂತೆಯೇ ಆಯಿತು. ಒಂದೆರಡನ್ನು ಬಿಟ್ಟುಬಿಡಿ.

ನಿವೃತ್ತ ಮೇಷ್ಟ್ರು

ಮೂವತ್ತೊಂದು ವರ್ಷ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಅಂಕಿಸಂಖ್ಯೆಯವರು ವಿಧಾನವನ್ನು ಚೆನ್ನಾಗಿ ವಿವರಿಸಿದ್ದಾರೆ. ನನಗೆ ಹೇಳಬೇಕೆನಿಸಿದ್ದು ಬೇರೆ: ಅಧ್ಯಾಪಕರ ಮೌಲ್ಯ ಯಾವುದೆಂದು ತಿಳಿಯಬೇಕಾದರೆ ನಿಯಮ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ನಿಯಮವಿರುವ ಕಡೆ ನಾವು ನಿಯಮವನ್ನು ಪಾಲಿಸುತ್ತೇವೆ ಅಥವಾ ಮುರಿಯುತ್ತೇವೆ, ನಿಯಮ ಸುಮ್ಮನಿರುವ ಕಡೆ ಮಾತ್ರ ನಾವೇ ತೀರ್ಮಾನಿಸುತ್ತೇವೆ.

ನಿಮ್ಮ ಪ್ರಕರಣವನ್ನೇ ತೆಗೆದುಕೊಳ್ಳಿ. ಕೃತಿಚೌರ್ಯದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಇದೆ. ಬೇರೆಯವರ ಬರಹದೊಂದಿಗೆ ಸಾಮ್ಯ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರವರೆಗೆ ಇದ್ದರೆ ಪ್ರಬಂಧವನ್ನು ತಿದ್ದಿ ಆರು ತಿಂಗಳೊಳಗೆ ಮತ್ತೆ ಒಪ್ಪಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಇದನ್ನು ತೋರಿಸಿ ಹುಡುಗನನ್ನು ಹೆದರಿಸಲು ಹಲವರು ಸಲಹೆ ಕೊಟ್ಟಾರು. ಆದರೆ ಅದೇ ನಿಯಮಾವಳಿಯ ವ್ಯಾಖ್ಯೆಗಳ ಭಾಗವನ್ನು ಓದಿದರೆ, ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆ ಮುಂತಾದವನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿರುವುದು ಕಾಣುತ್ತದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಮಾಡಿಕೊಂಡಿಲ್ಲವಾದರೆ, ಆ 'ದಾವಣಗೆರೆ'ಯನ್ನು ಏನು ಮಾಡಬೇಕೆಂಬುದು ನಿಮ್ಮೊಬ್ಬರ ತೀರ್ಮಾನ. ಕಾಯ್ದೆಯ ನೆರಳು ಅಲ್ಲಿಲ್ಲ.

ನನ್ನದೇ ಒಂದು ಕಥೆ ಹೇಳುತ್ತೇನೆ. ಆಯೋಗದ 2010ರ ನಿಯಮಾವಳಿಯಿಂದ ಬಡ್ತಿಗೆ ಅಂಕಗಳ ಪದ್ಧತಿ ಬಂತು, ಪ್ರಕಟಿಸಿದ ಪ್ರತಿ ಲೇಖನಕ್ಕೂ ಇಷ್ಟು ಅಂಕವೆಂದಾಯಿತು. ದುಡ್ಡು ಕೊಟ್ಟರೆ ಹತ್ತು ದಿನದಲ್ಲಿ ಅಚ್ಚು ಹಾಕುವ 'ಅಂತರರಾಷ್ಟ್ರೀಯ' ಪತ್ರಿಕೆಗಳು ಆಮೇಲೆ ನಾಯಿಕೊಡೆಗಳಂತೆ ಎದ್ದವು. ನನ್ನ ಬಡ್ತಿಗೆ ಕೆಲವೇ ಅಂಕ ಕಡಿಮೆ ಬಿದ್ದಿದ್ದ ವರ್ಷ ನಾನೂ ಅಂಥದೊಂದಕ್ಕೆ ದುಡ್ಡು ಕಟ್ಟಿದೆ. ಲೇಖನ ನನ್ನದೇ, ಅಂಕಿಅಂಶಗಳೂ ನಿಜವಾದವೇ, ಆದ್ದರಿಂದ ತಪ್ಪೇನಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅದೇ ಸೆಮಿಸ್ಟರಿನಲ್ಲಿ ವ್ಯವಹಾರ ನೀತಿಯ ತರಗತಿಯಲ್ಲಿ ಸತ್ಯಂ ಕಂಪನಿಯ ಸುಳ್ಳು ಲೆಕ್ಕದ ಹಗರಣವನ್ನು ಪಾಠ ಮಾಡುತ್ತಿದ್ದೆ! ಆಯೋಗ 2018ರ ಸುಮಾರಿಗೆ 'ಕೇರ್' ಎಂಬ ಮಾನ್ಯ ಪತ್ರಿಕೆಗಳ ಪಟ್ಟಿಯ ವ್ಯವಸ್ಥೆ ತಂದು ಇಂಥ ಪತ್ರಿಕೆಗಳನ್ನು ಹೊರಗಿಡಲು ನೋಡಿತು, 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟು, ಯಾವ ಪತ್ರಿಕೆ ಒಳ್ಳೆಯದೆಂಬುದನ್ನು ಸಂಸ್ಥೆಗಳೇ ನಿರ್ಧರಿಸಿಕೊಳ್ಳಲಿ ಎಂದಿತು. ಅಂದರೆ ಆ ತೀರ್ಮಾನವೂ ತಿರುಗಿ ವಿಭಾಗಕ್ಕೇ ಬಂದಿದೆ. ನಿಮ್ಮ ಸಮೀಕ್ಷೆಯಲ್ಲಿ ಇದೊಂದು ಪ್ರಸಂಗ ಇರಲೇಬೇಕು.

ನಮ್ಮ ವಿಷಯದ್ದೇ ಆದ ಒಂದು ತೊಡಕೂ ಇದೆ. ಲಂಡನ್ ಬಿಸಿನೆಸ್ ಸ್ಕೂಲಿನಲ್ಲಿದ್ದ, ಕೋಲ್ಕತ್ತ ಮೂಲದ ಸುಮಂತ್ರ ಘೋಷಾಲ್ ಅವರ ಒಂದು ಲೇಖನ ಅವರು ತೀರಿಕೊಂಡ ಬಳಿಕ 2005ರಲ್ಲಿ ಪ್ರಕಟವಾಯಿತು. ಮನುಷ್ಯ ಸ್ವಾರ್ಥಿ, ಅವನನ್ನು ಕಾವಲಿನಲ್ಲಿ ಇಟ್ಟರೆ ಮಾತ್ರ ಕೆಲಸ ಮಾಡುತ್ತಾನೆ ಎಂಬ ಸಿದ್ಧಾಂತಗಳನ್ನು ಕಲಿಸುತ್ತ ಕಲಿಸುತ್ತ ಮ್ಯಾನೇಜ್‌ಮೆಂಟ್ ಶಾಲೆಗಳು ವಿದ್ಯಾರ್ಥಿಗಳನ್ನು ನೈತಿಕ ಹೊಣೆಯಿಂದ ಬಿಡುಗಡೆ ಮಾಡಿಬಿಟ್ಟಿವೆ ಎಂಬುದು ಅವರ ಆಕ್ಷೇಪ. ಅವರು ವಿದ್ಯಾರ್ಥಿಗಳ ಬಗ್ಗೆ ಹೇಳಿದರು. ಅದನ್ನೇ ವರ್ಷಕ್ಕೆರಡು ಬಾರಿ, ದಶಕಗಟ್ಟಲೆ, ಬೋರ್ಡಿನ ಮೇಲೆ ಬರೆಯುವ ಅಧ್ಯಾಪಕನ ಮೇಲೆ ಅದು ಏನು ಮಾಡುತ್ತದೆಂದು ನಾನು ಆಗಾಗ ಯೋಚಿಸಿದ್ದೇನೆ.

ಹುಡುಗನ ವಿಷಯಕ್ಕೆ ಬಂದರೆ, ನನ್ನ ಸಲಹೆ ಇಷ್ಟು. ಸಹಿ ಹಾಕಬೇಡಿ, ಅವನನ್ನು ಕೈಬಿಡಲೂ ಬೇಡಿ. ಹನ್ನೆರಡು ದಿನದಲ್ಲಿ ನೂರು ಜನರನ್ನಲ್ಲದಿದ್ದರೂ ಇಪ್ಪತ್ತು ಜನರನ್ನು ನಿಜವಾಗಿ ಸಂದರ್ಶಿಸಬಹುದು. ಸಣ್ಣ ಮಾದರಿ ಎಂದು ಮಿತಿಗಳ ಭಾಗದಲ್ಲಿ ಬರೆದುಕೊಂಡರೆ ಯಾವ ಪರೀಕ್ಷಕನೂ ಅದಕ್ಕಾಗಿ ಫೇಲು ಮಾಡುವುದಿಲ್ಲ.

ವಾರಕ್ಕೆ ಹದಿನೈದು ಗಂಟೆ

ಮೇಷ್ಟ್ರ ಮಾತಿಗೆ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಇಲ್ಲಿಯವರೆಗೆ ಬರೆದವರೆಲ್ಲರೂ ಕಾಯಂ ಹುದ್ದೆಯಲ್ಲಿ ಇರುವವರು ಅಥವಾ ಇದ್ದವರು ಎಂದು ತೋರುತ್ತದೆ. ನಾನು ಅತಿಥಿ ಉಪನ್ಯಾಸಕ, ಎಂಟನೆಯ ವರ್ಷ. ಪ್ರತಿ ವರ್ಷ ಕಾರ್ಯಭಾರ ಎಷ್ಟಿದೆ ಎಂದು ಲೆಕ್ಕ ಹಾಕಿದ ಮೇಲೆ ನನ್ನ ಹೆಸರು ಪಟ್ಟಿಯಲ್ಲಿ ಇರಬೇಕೋ ಬೇಡವೋ ಎಂದು ತೀರ್ಮಾನವಾಗುತ್ತದೆ. ಫಲಿತಾಂಶ ಕುಸಿದರೆ ಮುಂದಿನ ವರ್ಷ ಪ್ರವೇಶ ಕಡಿಮೆಯಾಗುತ್ತದೆ, ಪ್ರವೇಶ ಕಡಿಮೆಯಾದರೆ ಒಂದು ಸೆಕ್ಷನ್ ಮುಚ್ಚುತ್ತದೆ, ಸೆಕ್ಷನ್ ಮುಚ್ಚಿದರೆ ಹೋಗುವುದು ನನ್ನ ಗಂಟೆಗಳು. ಆಂತರಿಕ ಅಂಕ ಹಾಕುವಾಗ ನನ್ನ ಕೈ ಮೇಲಕ್ಕೇ ಹೋಗುತ್ತದೆ. ಅದನ್ನು ನಾನು ಕರುಣೆ ಎಂದು ಕರೆದುಕೊಳ್ಳುತ್ತೇನೆ. ಶ್ವಾರ್ಟ್ಸರ ವೃತ್ತದಲ್ಲಿ ಅದರ ಹೆಸರು ಭದ್ರತೆ ಎಂದಿರಬೇಕು.

ಮೌಲ್ಯಗಳನ್ನು ನಾನು ಅಲ್ಲಗಳೆಯುತ್ತಿಲ್ಲ. ಒಂದೇ ತೀರ್ಮಾನಕ್ಕೆ ಇಬ್ಬರು ತೆರುವ ಬೆಲೆ ಬೇರೆ ಬೇರೆಯಾಗಿರುವಾಗ, ಒಬ್ಬರ ಮೌಲ್ಯ ದೊಡ್ಡದು, ಇನ್ನೊಬ್ಬರದು ಸಣ್ಣದು ಎಂಬ ಫಲಿತಾಂಶ ನಿಮ್ಮ ಕೋಷ್ಟಕದಲ್ಲಿ ಬಂದರೆ ಅದು ತಪ್ಪು ಓದಾಗುತ್ತದೆ. ಹುದ್ದೆಯ ಸ್ವರೂಪ, ಅಂದರೆ ಕಾಯಂ ಅಥವಾ ಅತಿಥಿ ಎಂಬುದು, ಪ್ರಶ್ನಾವಳಿಯಲ್ಲಿ ಇರಲೇಬೇಕು. ಗೌಪ್ಯತೆಗಾಗಿ ವಯಸ್ಸನ್ನು ಬಿಡಿ, ಇದನ್ನು ಬಿಡಬೇಡಿ. ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಆಯೋಗದ 2018ರ ನಿಯಮಾವಳಿಯಲ್ಲಿ ವಾರಕ್ಕೆ 16 ಗಂಟೆಗಳ ನೇರ ಬೋಧನೆ ಎಂದಿದೆ. ಎರಡು ಕಾಲೇಜುಗಳಲ್ಲಿ ಓಡಾಡಿಕೊಂಡು ಅದಕ್ಕಿಂತ ಹೆಚ್ಚು ಕಲಿಸುವ ನನ್ನಂಥವರಿಗೆ ಇಪ್ಪತ್ತು ಪ್ರಾಜೆಕ್ಟ್ ವರದಿಗಳನ್ನು ಸಾಲುಸಾಲಾಗಿ ಓದಲು ಸಮಯವೆಲ್ಲಿದೆ? ಓದದೆ ಸಹಿ ಹಾಕುವುದು ಅಪ್ರಾಮಾಣಿಕತೆಯೋ ಆಯಾಸವೋ ಎಂದು ನಿಮ್ಮ ಸಮೀಕ್ಷೆ ಹೇಗೆ ಬೇರ್ಪಡಿಸುತ್ತದೆ ಎಂದು ತಿಳಿಯುವ ಕುತೂಹಲ ನನಗಿದೆ.

ಲೆಕ್ಕಪರಿಶೋಧಕ, ಹುಬ್ಬಳ್ಳಿ

ಮೇಡಂ, ನಾನು ಅಧ್ಯಾಪಕನಲ್ಲ. ವಾಣಿಜ್ಯ ಓದಿ ಈಗ ಸಹಿ ಹಾಕುವುದನ್ನೇ ವೃತ್ತಿಯಾಗಿಸಿಕೊಂಡವನು. ಮೇಷ್ಟ್ರು ಸತ್ಯಂ ಹೆಸರು ಎತ್ತಿದ್ದರಿಂದ ಎರಡು ಮಾತು ಬರೆಯುತ್ತಿದ್ದೇನೆ. 2009ರ ಜನವರಿ 7ರಂದು ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಅವರು ಪತ್ರ ಬರೆದು ತಪ್ಪೊಪ್ಪಿಕೊಂಡಾಗ, ಕಂಪನಿಯ ಪುಸ್ತಕಗಳಲ್ಲಿದ್ದ 5,000 ಕೋಟಿ ರೂಪಾಯಿಗೂ ಮಿಕ್ಕಿದ ನಗದು ಮತ್ತು ಬ್ಯಾಂಕ್ ಬಾಕಿ ಇಲ್ಲವೇ ಇಲ್ಲ ಎಂಬುದು ಹೊರಬಂತು. ಸುಳ್ಳು ಬರೆದವರು ಕಂಪನಿಯವರು, ಆದರೆ ವರ್ಷವರ್ಷವೂ ಅದರ ಕೆಳಗೆ ಲೆಕ್ಕಪರಿಶೋಧಕರ ಸಹಿ ಇತ್ತು. ಬ್ಯಾಂಕುಗಳಿಂದ ನೇರವಾಗಿ ದೃಢೀಕರಣ ತರಿಸಿಕೊಳ್ಳುವುದು ನಮ್ಮ ವೃತ್ತಿಯ ಅಆಇಈ.

ನಿಮ್ಮ ಪ್ರಮಾಣಪತ್ರವನ್ನು ನಾನು ಓದುವುದು ಹಾಗೆಯೇ. ಹುಡುಗನಿಗೆ ಕೆಲಸ ಸಿಗುವುದು ಬಿಡುವುದು ಅವನ ಬಾಳಿನ ವಿಷಯ. 'ಇದು ಇವರ ಸ್ವಂತ ಅಧ್ಯಯನ' ಎಂಬ ವಾಕ್ಯ ಮಾತ್ರ ನಿಮ್ಮದು. ಆಯಾಸದ ಪ್ರಶ್ನೆ ಎತ್ತಿದ ಸರ್ ಅವರಿಗೆ ಹೇಳುವುದಾದರೆ, ನಮ್ಮಲ್ಲಿಯೂ ಎಲ್ಲ ವೋಚರುಗಳನ್ನೂ ಓದುವುದಿಲ್ಲ, ಮಾದರಿ ಪರೀಕ್ಷೆ ಮಾಡುತ್ತೇವೆ. ಪ್ರತಿ ವರದಿಯಿಂದ ಐದು ಪ್ರಶ್ನಾವಳಿಗಳನ್ನು ತೆಗೆದು ಆ ಐದು ಜನರಲ್ಲಿ ಇಬ್ಬರಿಗೆ ಫೋನ್ ಮಾಡಿದರೆ ಸಾಕು. ಹೀಗೆ ಮಾಡುತ್ತೀರಿ ಎಂಬ ಸುದ್ದಿ ಹರಡಿದರೆ ಮುಂದಿನ ವರ್ಷ ಫೋನ್ ಮಾಡುವ ಅಗತ್ಯವೂ ಅಷ್ಟಾಗಿ ಬೀಳದು.

ಖಾತೆಪುಟ

ಎಲ್ಲರಿಗೂ ಕೃತಜ್ಞತೆಗಳು. ಎಂಟು ದಿನಗಳ ನಂತರ ಬರೆಯುತ್ತಿದ್ದೇನೆ.

ಹುಡುಗನನ್ನು ಕರೆದು ಆ ಕೋಷ್ಟಕವನ್ನು ತೋರಿಸಿದೆ. ಅವನು ಅಳಲೂ ಇಲ್ಲ, ವಾದಿಸಲೂ ಇಲ್ಲ. "ಮೇಡಂ, ಎಲ್ಲರೂ ಹೀಗೇ ಮಾಡಿದ್ದಾರೆ, ನೀವು ಓದುತ್ತೀರಿ ಅಂತ ಗೊತ್ತಿರಲಿಲ್ಲ" ಎಂದ. ಅವನ ಮಾತಿನಲ್ಲಿ ಉಡಾಫೆ ಇರಲಿಲ್ಲ, ಆಶ್ಚರ್ಯವಿತ್ತು. ಮೇಷ್ಟ್ರು ಹೇಳಿದಂತೆ ಇಪ್ಪತ್ತು ಜನರನ್ನು ನಿಜವಾಗಿ ಸಂದರ್ಶಿಸಿ ತರಲು ಹೇಳಿದೆ. ನಿನ್ನೆ ಇಪ್ಪತ್ತಮೂರು ತಂದಿದ್ದಾನೆ, ಅವುಗಳಲ್ಲಿ ಇಬ್ಬರಿಗೆ ನಾನು ಫೋನ್ ಮಾಡಿದೆ, ಇಬ್ಬರೂ ಸಿಕ್ಕರು. ಒಬ್ಬರು ಸರ್ವಿಸ್ ಬಗ್ಗೆ ನನ್ನ ಬಳಿಯೇ ಕಾಲು ಗಂಟೆ ದೂರು ಹೇಳಿದರು. ಹಳೆಯ ವರದಿಯಲ್ಲಿ ನೂರಕ್ಕೆ ಎಂಬತ್ತೆರಡು ಗ್ರಾಹಕರು ತೃಪ್ತರಾಗಿದ್ದರು. ಈ ಇಪ್ಪತ್ತಮೂರರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಸಮಾಧಾನವಿಲ್ಲ. ನಾಲ್ಕನೆಯ ಅಧ್ಯಾಯವನ್ನು ಪೂರ್ತಿ ತಿರುಗಿ ಬರೆಯುತ್ತಿದ್ದಾನೆ.

ಸಮೀಕ್ಷೆಯಲ್ಲಿ ಪ್ರಸಂಗಗಳನ್ನೇ ಬಳಸುತ್ತೇನೆ. ಹುದ್ದೆಯ ಸ್ವರೂಪವನ್ನು ಕೇಳುತ್ತೇನೆ, ವಯಸ್ಸನ್ನು ಕೈಬಿಟ್ಟಿದ್ದೇನೆ. ಅಪ್ರಾಮಾಣಿಕತೆಯೋ ಆಯಾಸವೋ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ನನ್ನ ಬಳಿ ಇಲ್ಲವಾದರೂ, 'ಈ ವರ್ಷ ನೀವು ಗೈಡ್ ಆಗಿರುವ ವರದಿಗಳು ಎಷ್ಟು, ಅವುಗಳಲ್ಲಿ ಪೂರ್ತಿ ಓದಿದ್ದು ಎಷ್ಟು' ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ. ಅಷ್ಟರ ಮಟ್ಟಿಗಾದರೂ ಹೊರೆ ಎಷ್ಟೆಂದು ತಿಳಿದೀತು.

ಪ್ರಶ್ನಾವಳಿಯನ್ನು ಮೊದಲು ನಾನೇ ತುಂಬಿ ನೋಡಿದೆ. ಈ ವರ್ಷ ನನ್ನ ಪಾಲಿಗೆ ಬಂದ ವರದಿಗಳು ಹದಿಮೂರು. ಒಂಬತ್ತಕ್ಕೆ ಕಳೆದ ತಿಂಗಳೇ ಸಹಿ ಹಾಕಿ ಕಳಿಸಿದ್ದೆ, ಅವುಗಳಲ್ಲಿ ಪೂರ್ತಿ ಓದಿದ್ದು ಎರಡು. ಉಳಿದ ಏಳು ವರದಿಗಳು ಕಚೇರಿಯ ಕಪಾಟಿನಲ್ಲಿವೆ, ವೈವಾ ನಾಲ್ಕು ದಿನಕ್ಕಿದೆ. ಕೀಲಿ ಕೇಳಲು ನಾಳೆ ಕಚೇರಿಗೆ ಹೋಗುತ್ತೇನೆ. ಅವುಗಳಲ್ಲಿ ಇನ್ನೊಂದು ದಾವಣಗೆರೆ ಸಿಕ್ಕರೆ, ಈಗಾಗಲೇ ಹಾಕಿರುವ ಸಹಿಯನ್ನು ಹಿಂದಕ್ಕೆ ಪಡೆಯುವ ಕ್ರಮವೇನಾದರೂ ನಿಮ್ಮ ವಿಶ್ವವಿದ್ಯಾಲಯಗಳಲ್ಲಿ ಇದ್ದರೆ ದಯವಿಟ್ಟು ತಿಳಿಸಿ.